‘ಉಪ್ಪು ಕಡಿಮೆ’ ಎಂಬ ಅಭಿನಯ

ಒಬ್ಬನೇ ಉಣ್ಣುವವನಿಗೆ ಸಕಲ ಸ್ವಾತಂತ್ರ್ಯಗಳೂ ಇವೆ. ಅಡುಗೆಯನ್ನು ದೂರುವ ಸೌಭಾಗ್ಯವೊಂದು ಮಾತ್ರ ಇಲ್ಲ. ದೂರುವುದಾದರೂ ಯಾರಿಗೆ? ಬೇಯಿಸಿದವನೂ ನಾನೇ, ಬಡಿಸಿಕೊಂಡವನೂ ನಾನೇ. ಹೆಂಡತಿ ತೀರಿಕೊಂಡ ಮೇಲೆ ಭಾಂಡುಪಿನ ನನ್ನ ಮನೆಯಲ್ಲಿ ಊಟವೆಂಬುದು ನಿಶ್ಶಬ್ದವಾಗಿ ಮುಗಿಯುವ ಕಲಾಪ.

ಇಂಥ ನನ್ನನ್ನು ನಟನನ್ನಾಗಿಸಿದವಳು ನಮ್ಮದೇ ಬಿಲ್ಡಿಂಗಿನ ಶ್ರೇಯಾ. ಗೆಳೆಯರೊಡನೆ ಕೈಯಿಂದ ಖರ್ಚು ಹಾಕಿ ಸಣ್ಣದೊಂದು ಸಿನಿಮಾ ತೆಗೆಯುತ್ತಿದ್ದಳು. "ಅಂಕಲ್, ನಿಮ್ದು ಕಿಚನ್ ಏಕ್‌ದಮ್ ರಿಯಲ್ ಉಂಟು. ನೀವೇ ಗಂಡ ಆಗ್ತೀರಾ?" ಎಂದಳು. ಅಭಿನಯ ಬಾರದೆಂದು ಸವಿನಯವಾಗಿ ತಿಳಿಸಿದೆ. ಆದರೆ ನಿಜವಾಗಿ ಆಯ್ಕೆಯಾದದ್ದು ನನ್ನ ಅಡುಗೆಮನೆ, ಅಲ್ಲಿನ ಪಾತ್ರೆಗಳ ಜೊತೆಗೆ ನಾನೊಂದು ಪಾತ್ರವಾಗಿ ಸೇರಿಬಂದವನು, ಅಷ್ಟೆ.

ಹೆಂಡತಿಯ ಪಾತ್ರಕ್ಕೆ ಜೋಗೇಶ್ವರಿಯಿಂದ ಶಾಂತವ್ವ ಬಂದರು. ವಿಜಯಪುರದ ಕಡೆಯವರು, ಜೋಳದ ರೊಟ್ಟಿ ಮಾಡಿ ಮಾರುವವರು. ಕ್ಯಾಮೆರಾದ ಮುಂದೆ ನಿಂತದ್ದು ನನ್ನಂತೆಯೇ ಮೊದಲ ಸಲ. ಆಕೆ ಮಾಡಿದ ಸಾರನ್ನು ಉಂಡು ನಾನು "ಉಪ್ಪು ಕಡಿಮೆ" ಎನ್ನಬೇಕು, ಆಕೆ ಸುಮ್ಮನೆ ತಲೆ ತಗ್ಗಿಸಬೇಕು, ದೃಶ್ಯ ಇಷ್ಟೇ. ಶಾಂತವ್ವ ತಲೆ ತಗ್ಗಿಸಲಿಲ್ಲ.

"ಕಡಿಮಿ ಆಗಿದ್ರ ಹಾಕ್ಕೊಂಡು ಉಣ್ರಿ. ಕೈ ಇಲ್ಲೇನು ನಿಮಗ?"

"ಒಂದು ಮಾತು ಹೇಳ್ಲಿಕ್ಕಿಲ್ಲ, ನಿಂದು ಶುರುವೇ ಮಾರಾಯ್ತಿ!" ಎಂದುಬಿಟ್ಟೆ.

ನಮ್ಮ ಕರಾವಳಿಯ ಕಡೆ ‘ಮಾರಾಯ್ತಿ’ ಎಂಬುದು ಯಾರಿಗಾದರೂ ಹೇಳುವ ಮಾತೇ. ಆದರೆ ಆ ರಾಗದಲ್ಲಿ ನಾನದನ್ನು ಹೇಳುತ್ತಿದ್ದದ್ದು ಒಬ್ಬಳಿಗೇ. ಹೇಳಿದ್ದೇ ತಡ, ಕೈ ತಟ್ಟೆಯಲ್ಲೇ ನಿಂತಿತು. ಮುಂದೇನು ಮಾಡಬೇಕೆಂದು ತೋಚಲಿಲ್ಲ. ಶಾಂತವ್ವ ಒಂದು ಗಳಿಗೆ ನನ್ನನ್ನೇ ನೋಡಿ, ಮಾತಿಲ್ಲದೆ ಇನ್ನೊಂದು ಸೌಟು ಸಾರು ಬಡಿಸಿದರು. ಶ್ರೇಯಾ ‘ಕಟ್’ ಎನ್ನಲೇ ಇಲ್ಲ.

ದಾದರಿನ ಪುಟ್ಟ ಸಭಾಂಗಣದಲ್ಲಿ ಸಿನಿಮಾ ತೋರಿಸಿದ ಸಂಜೆ, ಪರದೆಯ ಮೇಲಿನ ಆ ಮೌನಕ್ಕೆ ಜನ ಉಸಿರು ಬಿಗಿಹಿಡಿದು ಕೂತರು. ಗಡ್ಡಧಾರಿಯೊಬ್ಬರು ನನ್ನ ಕೈ ಕುಲುಕಿ, ಅಂಥ ಸಂಯಮವನ್ನು ಎಲ್ಲಿ ಕಲಿತಿರೆಂದು ಹಿಂದಿಯಲ್ಲಿ ವಿಚಾರಿಸಿದರು. ಸಂಯಮವಲ್ಲ ಸ್ವಾಮೀ, ದಿಕ್ಕು ತೋಚದೆ ಕೂತದ್ದು ಎಂದು ಹೇಳಿ, ಬಂದ ಕೀರ್ತಿಯನ್ನು ಕಳೆದುಕೊಳ್ಳಲು ಮನಸ್ಸಾಗದೆ, ಮಹಾನಟನ ಗತ್ತಿನಲ್ಲಿ ನಕ್ಕೆ.

ದಾದರ್ ಸ್ಟೇಷನ್ನಿನ ಬ್ರಿಜ್ ಮೇಲೆ ಶಾಂತವ್ವ ವೆಸ್ಟರ್ನ್ ಲೈನಿನ ರೈಲಿಗೆ, ನಾನು ಸೆಂಟ್ರಲ್ಲಿಗೆ ತಿರುಗಬೇಕಿತ್ತು. "ಎಷ್ಟು ಸಲೀಸಾಗಿ ಬೈದ್ರಿ ಮಾರಾಯ್ರೆ! ಮನೆಯಲ್ಲಿ ನಿಮ್ಮ ಯಜಮಾನ್ರ ಗತಿ ಏನು?" ಎಂದು ತಮಾಷೆ ಮಾಡಿದೆ.

"ಅವ್ರು ಹೋಗಿ ಬಾಳ ದಿನಾ ಆತ್ರಿ ಸರ," ಎಂದರು ಶಾಂತವ್ವ. "ಅವತ್ತ ನೀವು ‘ಉಪ್ಪು ಕಡಿಮಿ’ ಅಂದ್ರೆಲ್ಲ, ಬಾಯಾಗ ತಾನ ಬಂತು."

ಅಷ್ಟರಲ್ಲಿ ಹಿಂದಿನಿಂದ ಜನ ನೂಕಿದರು. "ಹೊತ್ತಿಗೆ ಸರಿಯಾಗಿ ಉಣ್ರಿ," ಎನ್ನುತ್ತ ಅವರು ತಮ್ಮ ಮೆಟ್ಟಿಲಿಳಿದರು.

"ಆಯ್ತು," ಎಂದೆ. ಆ ಗದ್ದಲದಲ್ಲಿ ಅವರಿಗೆ ಕೇಳಿಸಿರಲಾರದು.