ಕಾರಣ ಬರೆಯುವ ಕಾಲಂ

ಮೊನ್ನೆ ಇಳಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಚುರುಮುರಿಯ ಗಿರ್ಮಿಟ್ ಕಟ್ಟಿಸಿಕೊಂಡು ಬೆಂಚಿನ ಮೇಲೆ ಕೂತಿದ್ದೆ. ತವರಿಗೆ ಬಂದವಳು ಹುನಗುಂದಕ್ಕೆ ಮರಳಬೇಕಿತ್ತು. ಒಂದು ಬಸ್ಸು ಬಂತು, ಹೋಯಿತು. ಹಸಿ ಉಳ್ಳಾಗಡ್ಡಿಯ ವಾಸನೆ, ತಣ್ಣನೆಯ ಗಾಳಿ, ಏಳುವ ಮನಸ್ಸಾಗಲಿಲ್ಲ. ಎರಡನೆಯ ಬಸ್ಸೂ ಹೋಯಿತು. ಆಗ ಗಿರ್ಮಿಟ್ಟಿನವನು ಕೇಳಿದ: "ಯಾರರೆ ಬರೂರು ಅದಾರೇನ್ರಿ ಅಕ್ಕಾರ?"

"ಇಲ್ಲಪಾ, ಸುಮ್ನ ಕುಂತೇನಿ."

ಅವನು ನನ್ನನ್ನೊಮ್ಮೆ, ನನ್ನ ಚೀಲವನ್ನೊಮ್ಮೆ ನೋಡಿದ. ಪಕ್ಕದ ಬೆಂಚಿನಲ್ಲಿ ಮೂವರು ಗಂಡಸರು ಕಾಲು ಚಾಚಿ, ಹಲ್ಲಿನಲ್ಲಿ ಕಡ್ಡಿಯಾಡಿಸುತ್ತ ನನಗಿಂತ ಮೊದಲಿನಿಂದ ಕೂತಿದ್ದರು. ಅವರ ಸುದ್ದಿ ಅವನಿಗೆ ಬೇಕಾಗಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಒಂದು ಪ್ರಶ್ನೆಗೆ ಇಷ್ಟು ಸಿಟ್ಟೇ ಎಂದು ನೀವು ಕೇಳಬಹುದು. ಸಿಟ್ಟು ಅವತ್ತಿನದಲ್ಲ, ಹುಬ್ಬಳ್ಳಿಯದು. ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ. ಹೇಗೂ ಮುಂದಿನ ಬಸ್ಸಿಗೆ ಹೊತ್ತಿತ್ತು.

ಬಿ.ಎಸ್ಸಿ. ಓದಲು ಅಪ್ಪ ನನ್ನನ್ನು ಹುಬ್ಬಳ್ಳಿಯ ಒಂದು ಹಾಸ್ಟೆಲಿಗೆ ಸೇರಿಸಿದ್ದರು. ಹೊರಗೆ ಅಷ್ಟು ದೊಡ್ಡ ಊರು ಗಿಜಿಗುಡುತ್ತಿತ್ತು: ಸಾಲುಗಟ್ಟಿ ಥೇಟರುಗಳು, ಮಿರ್ಚಿ ಬಾಣಲೆಗಳು, ಬಳೆ ಅಂಗಡಿಗಳು, ನಡೆದಷ್ಟೂ ಮುಗಿಯದ ಪೇಟೆ. ಆ ಊರಿಗೂ ನಮಗೂ ನಡುವೆ ಗೇಟಿನ ಬಳಿ ಒಂದು ಉದ್ದನೆಯ ರಿಜಿಸ್ಟರು. ಹೆಸರು, ಹೊರಟ ವೇಳೆ, ಬಂದ ವೇಳೆ, ಕೊನೆಗೆ 'ಕಾರಣ'. ಕಾರಣವಿಲ್ಲದೆ ಹುಡುಗಿ ಹೊರಗೆ ಕಾಲಿಡುವಂತಿರಲಿಲ್ಲ. ಒಪ್ಪಿಗೆಯಾಗುವ ಕಾರಣಗಳೂ ಬೆರಳೆಣಿಕೆಯವು: ನೋಟ್ಸು, ಗುಡಿ, ದವಾಖಾನಿ. ಆ ರಿಜಿಸ್ಟರನ್ನು ಓದಿದವರು ಹುಬ್ಬಳ್ಳಿಯ ಅತ್ಯಂತ ರೋಗಿಷ್ಠ, ಅತ್ಯಂತ ದೈವಭಕ್ತ ಹುಡುಗಿಯರೆಲ್ಲ ಒಂದೇ ಛಾವಣಿಯ ಕೆಳಗೆ ಕೂಡಿದ್ದಾರೆಂದು ತಿಳಿಯಬೇಕು. ನಾನು ಗುಡಿ ಎಂದು ಬರೆಯುತ್ತಿದ್ದೆ, ಬಾದಾಮಿಯಿಂದ ಬಂದ ನನ್ನ ಗೆಳತಿ ರಜಿಯಾ ದರ್ಗಾ ಎಂದು ಬರೆಯುತ್ತಿದ್ದಳು. ಇಬ್ಬರೂ ಹೋಗುತ್ತಿದ್ದದ್ದು ಉಣಕಲ್ ಕೆರೆಗೆ.

ನನ್ನ ಅಣ್ಣನೂ ಅದೇ ಊರಿನಲ್ಲಿ ಓದಿದವನು. ರಜೆಗೆ ಬಂದರೆ ಊಟಕ್ಕೆ ಕೂತು ಕೆರೆಯ ದಂಡೆ, ಸಿನಿಮಾ, ಗೆಳೆಯರೊಂದಿಗೆ ಮಧ್ಯಾಹ್ನವೆಲ್ಲ ಅಲೆದದ್ದು, ಎಲ್ಲವನ್ನೂ ಬಣ್ಣಿಸುತ್ತಿದ್ದ. ಅವ್ವ ಇನ್ನೊಂದು ರೊಟ್ಟಿ ಹಾಕುತ್ತ ನಗುತ್ತಿದ್ದಳು. ಅವನಿಗೆ ಅದು ವಿದ್ಯಾರ್ಥಿ ಜೀವನ, ನನಗೆ ಅಪರಾಧ.

ಎರಡನೆಯ ವರ್ಷದ ಒಂದು ಶನಿವಾರ, ಸುಳ್ಳು ಬರೆದು ಬರೆದು ಬೇಸತ್ತು, ಕಾರಣದ ಕಾಲಂನಲ್ಲಿ 'ಸುಮ್ಮನೆ' ಎಂದು ಬರೆದೆ. ದೊಡ್ಡ ಧೈರ್ಯವೇನಲ್ಲ, ಯಾರೂ ಓದುವುದಿಲ್ಲ ಎಂದುಕೊಂಡಿದ್ದೆ. ರಜಿಯಾ, ನಾನು ಕೆರೆಯ ದಂಡೆಯಲ್ಲಿ ಕೂತು ಹೋಗಿ ಬರುವವರನ್ನು ನೋಡಿದೆವು, ಅಷ್ಟೆ. ಗೇಟು ಮುಚ್ಚುವ ಮೊದಲೇ ಮರಳಿದಾಗ ವಾರ್ಡನ್ ಮೇಡಂ ರಿಜಿಸ್ಟರು ಹಿಡಿದು ನಿಂತಿದ್ದರು.

"ಸುಮ್ನ ಅಂದ್ರೇನಿದು?"

"ಸುಮ್ನ ಅಂದ್ರ... ಸುಮ್ನರಿ ಮೇಡಂ."

"ಚಲೋ ಮನಿ ಹುಡುಗ್ಯಾರು ಸುಮ್ನ ಎಲ್ಲೂ ಹೋಗೂದಿಲ್ಲ. ನಿಮ್ಮಪ್ಪಾರನ್ನ ಕರಸ್ತೇನಿ."

ದರ್ಗಾ ಎಂದು ಬರೆದಿದ್ದ ರಜಿಯಾ ಪಾರಾಗಿ ಒಳಗೆ ಹೋದಳು. ಅದೇ ಕೆರೆ, ಅದೇ ದಂಡೆ, ಇಬ್ಬರಿಗೂ ಒಂದೇ ಪೊಟ್ಟಣದ ಶೇಂಗಾ.

ಅಪ್ಪ ಇಳಕಲ್ಲಿನಲ್ಲಿ ಸಾಲಿ ಮಾಸ್ತರರು. ಮಕ್ಕಳು ಸುಳ್ಳು ಹೇಳಿದರೆ ಕಿವಿ ಹಿಂಡುತ್ತಿದ್ದವರು. ಅಂಥವರು ಬಂದು ರಿಜಿಸ್ಟರು ನೋಡಿದರು, ಮೇಡಂ ಮುಖ ನೋಡಿದರು, ತಮ್ಮ ಜೇಬಿನ ಪೆನ್ನನ್ನೇ ನನ್ನ ಕೈಗಿಟ್ಟರು. "ಅದನ್ನ ಹೊಡದ ಹಾಕಿ ದವಾಖಾನಿ ಅಂತ ಬರಿ. ಮುಗೀತು."

ಬರೆದೆ. ಇಂದಿಗೂ ನನಗೆ ನನ್ನ ಮೇಲೆ ಸಿಟ್ಟು ಬರುವುದು ಅದಕ್ಕೇ.

ಮುಗಿಯಲಿಲ್ಲ. ಊರಿಗೆ ಹೋಗಿ ಅಪ್ಪ ಅವ್ವನಿಗೂ ಅದನ್ನೇ ಹೇಳಿದರು: ಮಗಳಿಗೆ ಅರಾಮಿರಲಿಲ್ಲ, ದವಾಖಾನಿಗೆ ಹೋಗಿದ್ದಳು. ಅವ್ವ ಗಾಬರಿಯಾಗಿ ನೆರೆಮನೆಯವರನ್ನು ಔಷಧ ಕೇಳಿದಳು. ನೆರೆಮನೆಯವರು ಇನ್ನಾರಿಗೋ ಹೇಳಿದರು. ಆಗ ಬಾಗಲಕೋಟೆಯ ಕಡೆಯವರೊಬ್ಬರು ನನ್ನನ್ನು ಹೆಣ್ಣು ಕೇಳಿದ್ದರು. ಅವರಿಂದ ಸಣ್ಣ ದನಿಯಲ್ಲಿ ಪ್ರಶ್ನೆ ಬಂತು: "ಮದುವಿ ಆಗದ ಹುಡುಗಿಗೆ ಹುಬ್ಬಳ್ಳಿ ದವಾಖಾನಿಯೊಳಗ ಏನ ಕೆಲಸ ಇತ್ರಿ?" ನೋಡಿ, 'ಸುಮ್ಮನೆ' ಎಂಬ ಮಾತು ಯಾರ ಮಾನವನ್ನೂ ಕಳೆದಿರಲಿಲ್ಲ. ಮಾನ ಉಳಿಸಲು ಬರೆಸಿದ ಮಾತು ಅದನ್ನು ಮೂರೇ ವಾರದಲ್ಲಿ ಬೀದಿಗೆ ತಂದಿತು. ಸಂಬಂಧ ಮುರಿಯಿತು, ಅದಕ್ಕೆ ನಾನು ಒಂದು ಹನಿ ಕಣ್ಣೀರೂ ಹಾಕಲಿಲ್ಲ. ಆದರೆ ಅವ್ವ ಹೆದರಿ, ಹುಬ್ಬಳ್ಳಿಯ ಹವಾ ಮಗಳಿಗೆ ಒಗ್ಗುವುದಿಲ್ಲ ಎಂದು ಸಾರಿ, ಮೂರನೆಯ ವರ್ಷಕ್ಕೆ ನನ್ನನ್ನು ಕಳಿಸಲೇ ಇಲ್ಲ. ಆಮೇಲೆ ಮದುವೆಯಾಗಿ, ವರ್ಷಗಟ್ಟಲೆ ತಡವಾಗಿ, ಅಂಚೆಯಲ್ಲಿ ಬಂದ ಪಾಠ ಓದಿ ಬೇರೆ ಪದವಿ ಪಡೆದು ಟೀಚರಾದೆ. ಆ ಒಂದು ವರ್ಷದ ಹುಬ್ಬಳ್ಳಿಯನ್ನು ಮಾತ್ರ ಯಾರೂ ತಿರುಗಿ ಕೊಡಲಿಲ್ಲ.

ಇನ್ನೊಂದು ಹೇಳಲೇಬೇಕು. ಬಹಳ ವರ್ಷಗಳ ಮೇಲೆ, ಊಟದ ಹೊತ್ತಿನಲ್ಲಿ, ಅಪ್ಪ ಖುಷಿಯಿಂದ ನೆನಪು ಮಾಡಿಕೊಂಡರು. "ನಿನ್ನ ಹಾಸ್ಟೆಲಿಗೆ ಬಂದಾಗ ಬಸ್ಸಿಗೆ ಭಾಳ ವ್ಯಾಳ್ಯಾ ಇತ್ತವಾ. ಉಣಕಲ್ ಕೆರಿ ದಂಡಿಗೆ ಹೋಗಿ ಸುಮ್ನ ಕುಂತಿದ್ದೆ. ಎಷ್ಟ ಹಿತ ಅನಸ್ತಂತಿ."

"ಯಾರರೆ ಯಾಕ ಕುಂತೀರಿ ಅಂತ ಕೇಳಿದ್ರೇನಪ್ಪಾ?"

"ನನಗ್ಯಾಕ ಕೇಳ್ತಾರ?" ಎಂದರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನಾನು ತಾಟಿನಲ್ಲೇ ಕೈ ತೊಳೆದು ಎದ್ದೆ.

ಬಸ್‌ಸ್ಟ್ಯಾಂಡಿನಲ್ಲಿ ಇದನ್ನೆಲ್ಲ ಕುದಿಸುತ್ತ ಕೂತಿದ್ದಾಗಲೇ ಮಗಳ ಫೋನು ಬಂತು. ಅವಳೂ ಈಗ ಹುಬ್ಬಳ್ಳಿಯಲ್ಲೇ ಓದುತ್ತಾಳೆ.

"ಅವ್ವಾ, ಸಂಜಿಮುಂದ ಕೆರಿ ಕಡೆ ಹೊಂಟೇನಿ."

"ಯಾಕ?"

ಅಂದದ್ದು ನಾನೇ. ಯಾವ ವಾರ್ಡನ್ ಕೂಡ ನನ್ನ ಬಾಯಿಂದ ಆಡಿಸಿದ್ದಲ್ಲ.

ಅವಳು ಒಂದು ಉಸಿರಿನಷ್ಟೂ ತಡಮಾಡಲಿಲ್ಲ. "ಲೈಬ್ರರಿ ಪುಸ್ತಕ ಕೊಡೂದೈತಿ. ಅದ ದಾರ್ಯಾಗ ಬರ್ತೈತಿ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ನನಗೆ ರೂಢಿಯಾಗಲು ಒಂದು ಸೆಮಿಸ್ಟರಾದರೂ ಹಿಡಿದಿತ್ತು. ಇವಳಿಗೆ ಮನೆಯಲ್ಲೇ ಕಲಿಸಿ ಕಳಿಸಿದ್ದೇನೆ. ಗಿರ್ಮಿಟ್ಟಿನವನ ಮೇಲೆ, ಮೇಡಂ ಮೇಲೆ, ಅಪ್ಪನ ಮೇಲೆ ಇಷ್ಟು ಹೊತ್ತು ಕಾರಿದ ಸಿಟ್ಟೆಲ್ಲ ಎಲ್ಲಿ ಬಂದು ನಿಂತಿತೆಂದು ನಿಮಗೆ ಬೇರೆ ಹೇಳಬೇಕಿಲ್ಲ.

"ಪುಸ್ತಕ ಇರ್ಲಿ ಬಿಡು," ಎಂದೆ. "ಕೆರಿಗೆ ಸುಮ್ನ ಹೋಗಿ ಕುಂತ ಬಾ."

ಅವಳು ಮೆಲ್ಲಗೆ, ಗಾಬರಿಯಿಂದ ಕೇಳಿದಳು:

"ಅವ್ವಾ, ನೀ ಅರಾಮ ಅದಿ ಹೌದಿಲ್ಲ?"