ಹರಿಹರದ ಬಂಡೆಯ ಮೇಲೆ ಒಂದು ಕೂಸಿನ ಕೌದಿ

ಬೇಸಿಗೆ ಬಂತೆಂದರೆ ನಮ್ಮ ಎಸ್.ಎಸ್. ಬಡಾವಣೆಯ ಮನೆಗಳ ಕಿಟಕಿಗೆಲ್ಲ ಪರದೆ ಬೀಳುತ್ತದೆ. ನಾನು ಮಾತ್ರ ನಾಷ್ಟಾ ಮುಗಿಸಿ, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹರಿಹರದ ಬಸ್ಸು ಹತ್ತುತ್ತೇನೆ. “ಊರ ಮಂದಿಯೆಲ್ಲ ನೆರಳು ಹುಡುಕ್ತಾರೆ, ಇವಳು ಬಿಸಿಲು ಹುಡುಕ್ಕೊಂಡು ಹೊಂಟ್ಲು,” ಎಂದು ನಮ್ಮನೆಯವರು ಪೇಪರಿನ ಹಿಂದಿನಿಂದ ಹೇಳುತ್ತಾರೆ. ಹೇಳಿದರೂ ನನ್ನ ನೀರಿನ ಬಾಟಲಿ ತುಂಬಿಸಿಡುವುದು ಅವರೇ.

ಮಳೆಗಾಲದ ತುಂಗಭದ್ರೆಯ ಫೋಟೋ ತೆಗೆಯುವುದು ನನಗೆ ಬರುವುದಿಲ್ಲ. ಎಲ್ಲಿ ನೋಡಿದರೂ ಕೆಂಪು ನೀರು, ಕಣ್ಣು ನಿಲ್ಲುವುದೇ ಇಲ್ಲ. ಬೇಸಿಗೆಯಲ್ಲಿ ಹೊಳೆ ತೆಳ್ಳಗಾದಾಗ ಬಂಡೆಗಳು ಮೇಲೇಳುತ್ತವೆ. ಅವುಗಳ ಮೇಲೆ ನೀರು ಇಳಿದ ಗೆರೆಗಳು, ಬೆಳ್ಳಕ್ಕಿಯ ಹೆಜ್ಜೆ, ಯಾರೋ ಮರೆತು ಹೋದ ಸೋಪಿನ ಚೂರು. ಇಂಥವನ್ನು ನೋಡುತ್ತ ಕುಳಿತರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಹೋದ ಬೇಸಿಗೆಯ ಒಂದು ಬೆಳಗ್ಗೆ ಆ ಬಂಡೆಗಳ ತುಂಬ ಕೌದಿಗಳು ಹರಡಿದ್ದವು. ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಜೋಡಿಸಿ ಕೈಯಲ್ಲೇ ಹೊಲಿದ ದಪ್ಪ ಹೊದಿಕೆಗಳು. ಮೊಣಕಾಲುದ್ದ ನೀರಿನಲ್ಲಿ ನಿಂತು ಇನ್ನೊಂದನ್ನು ಜಾಲಿಸುತ್ತಿದ್ದ ಹೆಂಗಸು ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬೇಕು. ಹತ್ತಿರದ ಬಾತಿ ಊರಿನವಳಂತೆ. ಊರ ನಲ್ಲಿ ನೀರಿನಲ್ಲಿ ಇಷ್ಟೆಲ್ಲ ಒಗೆಯಲಾಗದೆಂದು ಆಟೋದಲ್ಲಿ ಹೇರಿಕೊಂಡು ಬಂದಿದ್ದಳು.

“ಫೋಟೋ ತಗೊಳ್ಳಲಾ?” ಎಂದೆ.

“ತಗೋರಿ ಅಕ್ಕಾರ, ಅದ್ರಾಗೇನೈತೆ. ನಮ್ಮ ಕೌದಿಗೂ ಒಂದು ಕಾಲ ಬಂತು ಅನ್ರಿ!”

ಬೇರೆಯಾಗಿ, ಎತ್ತರದ ಬಂಡೆಯೊಂದರ ಮೇಲೆ ಟವೆಲ್ಲಿನಷ್ಟೇ ಒಂದು ಪುಟ್ಟ ಕೌದಿ ಇತ್ತು. ಬಾಣಂತನಕ್ಕೆ ಬಂದಿದ್ದ ಅವಳ ಮಗಳು ಮರುದಿನ ಬೆಳಗ್ಗೆ ಕೂಸಿನೊಂದಿಗೆ ಗಂಡನ ಮನೆಗೆ ಹೊರಡುವವಳಿದ್ದಳು. ತೊಟ್ಟಿಲಿಗೆ ಹಾಸಲೆಂದು ಈ ಹೆಂಗಸೇ, ತೀರಿಹೋದ ತನ್ನ ಅವ್ವನ ಬಿಳಿ ಸೀರೆಯಲ್ಲಿ ಅದನ್ನು ಹೊಲಿದಿದ್ದಾಗಿ ಹೇಳಿದಳು. “ಆ ಸೀರಿ ಅಷ್ಟೇ ಉಳಿದಿತ್ರಿ,” ಎಂದವಳು ಮತ್ತೆ ನೀರಿನೊಳಕ್ಕೆ ಹೋದಳು.

ಎಲ್ಲ ಕೌದಿಗಳೂ ಬೋರಲಾಗಿದ್ದವು. ಮೇಲೆ ಕಾಣುತ್ತಿದ್ದುದು ಮಾಸಲು ಬಟ್ಟೆ ಮಾತ್ರ. ಒಗೆದವಳು ಅವಸರದಲ್ಲಿ ಹಾಗೆ ಹಾಕಿದ್ದಾಳೆ ಎಂದುಕೊಂಡು ನಾನು ಮೂರು ನಾಲ್ಕನ್ನು ಮಗುಚಿ ಹಾಕಿದೆ. ಹಸಿರು, ಹಳದಿ, ಒಂದು ಹೊಸ ಕೌದಿಯ ತುಂಬ ದಾಸವಾಳದ ಕೆಂಪು. ಆ ಕೆಂಪಿನ ಮೇಲೆ ಬಿಳಿಯದೊಂದು ಇದ್ದರೆ ಎಂದೆನಿಸಿ, ಪುಟ್ಟ ಕೌದಿಯನ್ನು ತಂದು ಅದರ ಅಂಚಿನ ಮೇಲೆ ಹಾಸಿದೆ. ಚಿತ್ರ ಎಷ್ಟು ಚೆನ್ನಾಗಿ ಬಂತೆಂದರೆ, ಬಂಡೆಯಿಂದ ಬಂಡೆಗೆ ದಾಟುತ್ತ ಮತ್ತೆ ಮತ್ತೆ ತೆಗೆದೆ.

“ಅಯ್ಯಯ್ಯೋ, ಯಾರ್ರಿ ಇದನ್ನ ಇಲ್ಲಿ ಹಾಕಿದ್ದು!”

ಅವಳು ನೀರು ಸಿಡಿಸುತ್ತ ಓಡಿಬಂದಳು. ಎತ್ತಿದ ಪುಟ್ಟ ಕೌದಿಯ ಒಂದು ಮೂಲೆ ಅಂಗೈಯಗಲ ಕೆಂಪಾಗಿತ್ತು. ಹೊಸ ಕೆಂಪು ಬಟ್ಟೆ, ಮೊದಲ ಒಗೆತ, ಬಣ್ಣ ಬಿಡುತ್ತಿತ್ತು. ಅದಕ್ಕೇ ಅವಳು ಕೂಸಿನದನ್ನು ದೂರ ಇಟ್ಟಿದ್ದಳು. ಮಿಕ್ಕವನ್ನು ಬೋರಲು ಹಾಕಿದ್ದೂ ಬಿಸಿಲಿಗೆ ಬಣ್ಣ ಮಾಸಬಾರದೆಂದು.

“ಸಾರಿ, ನನಗೆ ಗೊತ್ತಾಗಲಿಲ್ಲ…” ಎಂದೆ. ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿತ ಮಾತು ಅಷ್ಟೇ ಬಾಯಿಗೆ ಬಂತು.

“ಸಾರಿ ಆಮೇಲೆ ಹೇಳೋರಂತೆ. ಒಣಗಿದ್ರೆ ಕಲೆ ಹೋಗಂಗಿಲ್ಲ. ಸೀರೆ ಎತ್ತಿ ಕಟ್ರಿ, ಈ ತುದಿ ಹಿಡೀರಿ!”

ನಾನು ಕ್ಯಾಮೆರಾ ಚೀಲವನ್ನು ಬಂಡೆಯ ಮೇಲಿಟ್ಟು ನೀರಿಗಿಳಿದೆ. ಸೋಪು ಕೊಡಲು ಹೋದರೆ ಬ್ಯಾಡ ಎಂದಳು, ತಿಕ್ಕಲು ಹೋದರೆ ಕೈ ತಳ್ಳಿದಳು. “ತಿಕ್ಕಿದ್ರೆ ಬಣ್ಣ ಒಳಗೆ ಕುಂದುರ್ತೈತೆ. ಬರೇ ಹಿಡಕೊಂಡು ನಿಂದ್ರಿ, ಹೊಳಿ ತಗೊಂಡು ಹೋಗ್ತೈತೆ.” ನೀರು ಓಡುವ ಕಡೆ ನೋಡಿ, ಕಲೆಯ ಬೆನ್ನಿಗೆ ಸೆಳವು ಬಡಿಯುವಂತೆ ಕೌದಿಯನ್ನು ಓರೆ ಹಿಡಿದಳು. ಮೊದಲು ಕೆಂಪು ದಾರದಂತೆ ಹರಿಯಿತು. ಆಮೇಲೆ ಬರೀ ನೆರಳಿನಂತೆ. ನನ್ನ ತೋಳು ಸೋತು ಕೌದಿ ಕೆಳಗಿಳಿದಾಗಲೆಲ್ಲ, “ಮ್ಯಾಲೆ, ಮ್ಯಾಲೆ! ಫೋಟೋ ಹಿಡಿಯೋ ಕೈಗೆ ಇಷ್ಟ್ ಬಲ ಇಲ್ಲೇನ್ರಿ?” ಎಂದು ಚುಚ್ಚುತ್ತಿದ್ದಳು. ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅಷ್ಟು ಹೊತ್ತು ನನ್ನ ಕಣ್ಣೆದುರಿಗೆ ಇದ್ದುದು ಅದರ ಹೊಲಿಗೆ. ಸಾಸಿವೆಯಷ್ಟು ಸಣ್ಣ ಟಾಕುಗಳು, ಸಾಲು ಎಲ್ಲೂ ಸೊಟ್ಟಗಿಲ್ಲ. ನಮ್ಮ ಶಾಲೆಯ ಸಿಸ್ಟರ್ ಕಸೂತಿಯ ಹಿಂಬದಿಯನ್ನೇ ಮೊದಲು ನೋಡುತ್ತಿದ್ದರು, ಗಂಟು ಕಂಡರೆ ಬಿಚ್ಚಿಸುತ್ತಿದ್ದರು. ಇದರಲ್ಲಿ ಬಿಚ್ಚಿಸಲು ಅವರಿಗೂ ಒಂದು ಗಂಟು ಸಿಗುತ್ತಿರಲಿಲ್ಲ.

ಕೊನೆಗೂ ನಸುಗೆಂಪು ಒಂದಿಷ್ಟು ಉಳಿಯಿತು, ಬೆರಳ ತುದಿಯಷ್ಟು. ಅವಳು ಅದನ್ನು ಬಿಸಿಲಿಗೆ ಹಿಡಿದು ನೋಡಿದಳು. ನಾನು ಅವಳ ಮುಖ ನೋಡಿದೆ.

“ಇರ್ಲಿ ಬಿಡ್ರಿ. ಇದಕ್ಕೊಂದು ತ್ಯಾಪಿ ಹಚ್ಚಿದ್ರೆ ಆತು. ತ್ಯಾಪಿ ಇಲ್ದ ಕೌದಿ ಎಲ್ಲೈತೆ?”

ಹಿಂಡಿ ಬಂಡೆಗೆ ಹರವಿ, ಮೇಲ್ಪದರ ಒಣಗಿದ ಮೇಲೆ ಪಕ್ಕದ ಹೊಳೆ ಸೇತುವೆಯ ನೆರಳಿಗೆ ಕೂತಳು. ರವಿಕೆಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದಳು. ತಂದಿದ್ದ ಬಟ್ಟೆಗಂಟಿನಿಂದ ಹಳದಿ ಬಟ್ಟೆಯ ಚೂರೊಂದನ್ನು ತೆಗೆದು ಎಲೆಯಾಕಾರ ಕತ್ತರಿಸಿ, ಕಲೆಯ ಮೇಲಿಟ್ಟು ಹೊಲಿಯತೊಡಗಿದಳು. ನಾನು ಈ ಸಲ ಕೇಳಿದೆ, ತೆಗೆಯಲಾ ಎಂದು.

“ಮಕ ಬ್ಯಾಡ್ರಿ, ಬೆವತೈತೆ. ಕೈ ತಗೀರಿ.”

ತೆಗೆದೆ. ನೆನೆದು ಸುಕ್ಕುಗಟ್ಟಿದ ಬೆರಳು, ಬಳೆಯ ಕೆಳಗೆ ಸೋಪಿನ ನೊರೆಯ ಒಣ ಗೆರೆ. ಬಣ್ಣಗಳ ಆ ಮೊದಲ ಚಿತ್ರಗಳನ್ನು ಅಳಿಸಲು ಮನಸ್ಸು ಬರಲಿಲ್ಲ, ಇನ್ನೂ ಇವೆ. ಯಾರಿಗೂ ತೋರಿಸಿಲ್ಲ.

ಹೊಲಿದಾದ ಮೇಲೆ ಕೌದಿ ಮತ್ತೆ ಬಿಸಿಲಿಗೆ ಹೋಯಿತು. ನಾನು ಹನ್ನೆರಡರ ಬಸ್ಸು ಬಿಟ್ಟೆ, ಒಂದರದ್ದೂ ಬಿಟ್ಟೆ. ಅರ್ಧ ಗಂಟೆಗೊಮ್ಮೆ ಅವಳು ಅದನ್ನು ಮಗುಚುತ್ತಿದ್ದಳು. ಆಟೋದವನು ಮೇಲಿನಿಂದ ಹಾರ್ನ್ ಹೊಡೆದಾಗ ಎತ್ತಿಕೊಂಡು ಕೆನ್ನೆಗೆ ಒತ್ತಿ ನೋಡಿದಳು, ಕೈಗೆ ತಿಳಿಯದ ಹಸಿ ಕೆನ್ನೆಗೆ ತಿಳಿಯುತ್ತದಂತೆ. ಆಮೇಲೆ ನನ್ನ ಕಡೆ ಚಾಚಿದಳು.

“ನೀವೂ ನೋಡ್ರಿ ಅಕ್ಕಾರ. ಎಲ್ಲ್ಯಾದ್ರೂ ಹಸಿ ಐತೇನು?”

ತೇಪೆ ಹಚ್ಚಿದ ಮೂಲೆಯನ್ನೇ ಕೆನ್ನೆಗೆ ಒತ್ತಿಕೊಂಡೆ. ಬೆಚ್ಚಗಿತ್ತು. ಎಲ್ಲೂ ಹಸಿ ಇರಲಿಲ್ಲ.