ಅಟ್ಟದ ಮೇಲಿನ ರಾಣಿ

ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವ ಚಾಳಿ ನನಗೆ ಇವತ್ತಿಗೂ ಹೋಗಿಲ್ಲ. ಅಂಗಡಿಯಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ, ನೀರಿದೆಯೋ ಇಲ್ಲವೋ ಎಂದು ತಿಳಿಯಲು. ನಾನು ಅಲ್ಲಾಡಿಸುವುದು ಅದಕ್ಕಲ್ಲ. ಮೊನ್ನೆ ನೊಣವಿನಕೆರೆ ಕಡೆಯಿಂದ ಬಂದ ನೆಂಟರೊಬ್ಬರು ಕೊಬ್ಬರಿಗೆಂದು ಅಟ್ಟದಲ್ಲಿಟ್ಟಿದ್ದ ನಾಲ್ಕು ಕಾಯಿಗಳನ್ನು ಚೀಲದಲ್ಲಿ ಹಾಕಿ ತಂದುಕೊಟ್ಟರು. ಸಿಪ್ಪೆಯಿಂದ ಒಣಗಿದ ನಾರಿನ, ಧೂಳಿನ, ಸ್ವಲ್ಪ ಇಲಿಯ ವಾಸನೆ ಬರುತ್ತಿತ್ತು. ಮೂರು ಕಾಯಿ ಲೊಟಲೊಟ ಎಂದವು. ನಾಲ್ಕನೆಯದು ಎಷ್ಟು ಅಲ್ಲಾಡಿಸಿದರೂ ಸದ್ದು ಮಾಡಲಿಲ್ಲ. ಐವತ್ತು ದಾಟಿದ ಹೆಂಗಸು ನಾನು. ಆದರೂ ಹೊಟ್ಟೆಯೊಳಗೆ ಹತ್ತು ವರ್ಷದ ಹುಡುಗಿಯ ಭಯ ಎದ್ದು ಕೂತಿತು.

ನಮ್ಮ ಮನೆಯಲ್ಲಿ ಆಗ ನಡುಮನೆಯ ಮೇಲೆಲ್ಲ ಅಟ್ಟವಿತ್ತು. ಬಿದಿರಿನ ಗಳ ಹಾಸಿ ಮಾಡಿದ ಅಟ್ಟ. ಅದರ ತುಂಬ ಸಿಪ್ಪೆ ಸುಲಿಯದ ಕಾಯಿಗಳು ಹೆಚ್ಚುಕಡಿಮೆ ಒಂದು ವರ್ಷ ಸುಮ್ಮನೆ ಬಿದ್ದಿರುತ್ತಿದ್ದವು. ಕೆಳಗೆ ಒಲೆಯ ಹೊಗೆ, ಮೇಲೆ ಹೆಂಚಿನ ಕಾವು. ಒಳಗಿನ ನೀರು ತಾನಾಗಿ ಬತ್ತಿ, ತಿರುಳು ಚಿಪ್ಪು ಬಿಟ್ಟು ಕೊಬ್ಬರಿ ಗುಂಡಾಗುವವರೆಗೂ ಯಾರೂ ಅವನ್ನು ಅವಸರಪಡಿಸುತ್ತಿರಲಿಲ್ಲ. ನಾವು ಕಾಯಿಗಳ ಕೆಳಗೇ ಉಂಡು, ಮಲಗಿ, ಜಗಳವಾಡಿ ದೊಡ್ಡವರಾದವರು. ನಿಮ್ಮಲ್ಲೂ ಅಂಥ ಮನೆಯಿಂದ ಬಂದವರಿದ್ದರೆ, ಮಟಮಟ ಮಧ್ಯಾಹ್ನ ಯಾರೂ ಇಲ್ಲದ ಹೊತ್ತಿನಲ್ಲಿ ಅಟ್ಟದ ಮೇಲೆ ಒಂದು ಕಾಯಿ ತಾನಾಗಿ ಉರುಳಿದರೆ ಎದೆ ಹೇಗೆ ಝಲ್ಲೆನ್ನುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಆ ವರ್ಷ ನಮ್ಮಪ್ಪನ ತಂಗಿ ಗೌರತ್ತೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅತ್ತೆಯ ಗಂಡ ಚಿಕ್ಕನಾಯಕನಹಳ್ಳಿಯಲ್ಲಿ ಮೇಷ್ಟ್ರು. ಪ್ರತಿ ಭಾನುವಾರ ಬಸ್ಸಿಳಿದು ಬರುವಾಗ ಅವರ ಕಂಕುಳಲ್ಲಿ ಲೈಬ್ರರಿಯ ಒಂದು ದಪ್ಪ ಪುಸ್ತಕವಿರುತ್ತಿತ್ತು. ಒಂದೇ ಕಥೆ, ಹದಿಮೂರು ಸಂಪುಟ. ಅದಕ್ಕೇನೋ ಹೆಸರಿತ್ತು, ಆದರೆ ನಮ್ಮ ಮನೆಯಲ್ಲಿ ಅದು ಬರೀ ‘ದೊಡ್ಡ ಕಥೆ’. ಒಂಬತ್ತು ರಾಜ್ಯಗಳು, ಮಂಜಿನೊಳಗೆ ಕೂತು ಎಲ್ಲರ ನೆರಳು ಕದಿಯುವ ಒಬ್ಬ ಮಾಂತ್ರಿಕ, ಎಣಿಸಲಾರದಷ್ಟು ರಾಜರು, ದಾಯಾದಿಗಳು, ದಾಸಿಯರು, ಮಾತಾಡುವ ಹದ್ದುಗಳು. ಮೂರನೇ ಸಂಪುಟದ ಹೊತ್ತಿಗೆ ಯಾರು ಯಾರ ಮಗ ಎನ್ನುವುದೇ ತಿಳಿಯುತ್ತಿರಲಿಲ್ಲ.

ಬಸುರಿ ಕಣ್ಣಿಗೆ ಆಯಾಸ ಕೊಡಬಾರದೆಂದು ಅಜ್ಜಿ ಪುಸ್ತಕವನ್ನು ಅತ್ತೆಯ ಕೈಗೆ ಕೊಡುತ್ತಿರಲಿಲ್ಲ. ಓದುವ ಕೆಲಸ ನನ್ನದು. ಮಧ್ಯಾಹ್ನ ನಾನು ಸ್ಕೂಲಿನಿಂದ ಊಟಕ್ಕೆ ಬರುತ್ತಿದ್ದೆ. ಊಟವಾದ ಮೇಲೆ ಅತ್ತೆ ಕಾಲು ನೀಡಿ ಮಲಗುತ್ತಿದ್ದಳು. ಅಜ್ಜಿ ನಡುಮನೆಯ ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತಾ ಕೂರುತ್ತಿದ್ದಳು. ಅಜ್ಜಿಗೆ ಓದು ಬಾರದು, ಕಥೆಗೆ ‘ಹ್ಞೂಂ’ ಅನ್ನುವುದು ಮಾತ್ರ ಬರುತ್ತಿತ್ತು. ಹ್ಞೂಂ ಅನ್ನುವವರಿಲ್ಲದೆ ಕಥೆ ಹೇಳಬಾರದು, ಕಥೆಗೆ ದಾರಿ ತಪ್ಪುತ್ತದೆ ಎಂಬುದು ಅವಳ ಮಾತು. ನಾನು ಪ್ರತಿ ಎರಡು ಸಾಲಿಗೊಮ್ಮೆ ಅವಳ ಹ್ಞೂಂಗೆ ಕಾದು ಮುಂದೆ ಓದುತ್ತಿದ್ದೆ. ಮೊದಲ ದಿನವೇ ಅವಳು ಒಂದು ಕಟ್ಟಪ್ಪಣೆ ಹಾಕಿದ್ದಳು.

“ಸಾಯೋದು ಗೀಯೋದು ಬಂದ್ರೆ ಓದ್ಬ್ಯಾಡ ಕಣವ್ವಾ. ಬಸುರಿ ಕಿವಿಗೆ ಸಾವಿನ ಸುದ್ದಿ ಬೀಳಬಾರ್ದು.”

ಹೂಂ ಅಂದುಬಿಟ್ಟೆ. ದೊಡ್ಡ ಕಥೆಯಲ್ಲಿ ಪುಟಕ್ಕೊಬ್ಬರು ಸಾಯುತ್ತಾರೆ ಎಂದು ನನಗೇನು ಗೊತ್ತು? ಎರಡನೇ ಸಂಪುಟದಲ್ಲಿ ಒಬ್ಬ ಮುದಿ ರಾಜ ಸತ್ತ. ಕಣ್ಣು ಮಿಟುಕಿಸದೆ ಅವನನ್ನು ತೀರ್ಥಯಾತ್ರೆಗೆ ಕಳಿಸಿದೆ. ಆಮೇಲೆ ಇಬ್ಬರು ಸೇನಾಪತಿಗಳು, ಆಮೇಲೆ ಒಂದು ಹದ್ದು. ಪುಸ್ತಕದಲ್ಲಿ ಸತ್ತವರೆಲ್ಲ ನನ್ನ ಬಾಯಲ್ಲಿ ಬದುಕಿದ್ದರಿಂದ ಅವರಿಗೆಲ್ಲ ಊಟ, ಉದ್ಯೋಗ, ಮದುವೆ ನಾನೇ ಮಾಡಿಸಬೇಕಾಯಿತು. ಲೆಕ್ಕ ತಪ್ಪತೊಡಗಿತು. ಆಗ ಒಂದು ಉಪಾಯ ಮಾಡಿದೆ. ಅಟ್ಟ ಹತ್ತಿ, ಏಣಿಯ ಹತ್ತಿರದ ಕಾಯಿಗಳನ್ನು ಸಾಲಾಗಿ ಜೋಡಿಸಿ, ಎಲೆಅಡಿಕೆಯ ಸುಣ್ಣದಿಂದ ಒಂದೊಂದಕ್ಕೂ ಒಬ್ಬೊಬ್ಬರ ಹೆಸರು ಬರೆದೆ. ಪುಸ್ತಕದಲ್ಲಿ ಸತ್ತವರ ಕಾಯಿಯನ್ನು ಮಗುಚಿ ಇಡುತ್ತಿದ್ದೆ. ಮಧ್ಯಾಹ್ನ ಓದುವ ಮೊದಲು ಮೇಲೆ ಹೋಗಿ ಒಂದು ಸಲ ನೋಡಿ ಬಂದರೆ ಸುಳ್ಳು ಸಲೀಸಾಗುತ್ತಿತ್ತು.

ಅತ್ತೆಗೆ ಈ ಕಾಯಿಗಳ ಆಟ ತಿಳಿದು ನಗುವೋ ನಗು. ಕೋಟೆಯಿಂದ ಕೋಟೆಗೆ ಓಡುವ, ಯಾರಿಗೂ ತಲೆಬಾಗದ ರಾಣಿ ಚಂದನಿಕೆಯೆಂದರೆ ಅವಳಿಗೆ ಪ್ರಾಣ. “ಚಂದನಿಕೆ ನಾನೇ ಕಣೇ. ಒಳ್ಳೆ ಕಾಯಿ ನೋಡಿ ಇಕ್ಕು ನಂಗೆ,” ಅಂದಳು. ಇದ್ದುದರಲ್ಲಿ ದುಂಡಗಿರುವ ಕಾಯಿ ಹುಡುಕಿ ಇಟ್ಟೆ. ಅಜ್ಜಿಯನ್ನೂ ಕೇಳಿದೆ, ನಿನಗೆ ಯಾರು ಬೇಕು ಎಂದು. “ನಂಗ್ಯಾಕವ್ವಾ ರಾಜ್ಯ? ನಾನು ಕೇಳೋಳು, ಅಷ್ಟು ಸಾಕು ಬುಡು,” ಎಂದು ಬತ್ತಿ ಹೊಸೆದಳು.

ಎಂಟನೇ ಸಂಪುಟ ಬಂದಾಗ ಅತ್ತೆಗೆ ಒಂಬತ್ತು ತುಂಬಿತ್ತು. ಸೋಮವಾರ ಮಧ್ಯಾಹ್ನ ಓದುತ್ತಿದ್ದೆ. ಚಂದನಿಕೆ ಬಸುರಿಯಾಗಿ ಕೋಟೆಯ ನೆಲಮಾಳಿಗೆಯಲ್ಲಿ ಅಡಗಿದ್ದಾಳೆ, ಹೊರಗೆ ಮಂಜು ಏರುತ್ತಿದೆ. ಪುಟ ತಿರುಗಿಸಿದೆ. ಮೇಲಿನ ಸಾಲಿನಲ್ಲೇ ಇತ್ತು: ಹೆರಿಗೆಯ ನೋವಿನಲ್ಲಿ ರಾಣಿ ಕಣ್ಣು ಮುಚ್ಚಿದಳು, ಕೂಸೂ ಅಳಲಿಲ್ಲ. ಅಜ್ಜಿ ‘ಹ್ಞೂಂ’ ಅಂದಳು. ನಾನು ಅದೇ ಸಾಲನ್ನು ಇನ್ನೊಮ್ಮೆ ನೋಡಿದೆ. ಅತ್ತೆ ತಲೆಯೆತ್ತಿ, “ಯಾಕೇ ನಿಲ್ಸಿದೆ? ಏನಾಯ್ತು ನಂಗೆ?” ಎಂದಳು.

‘ನಂಗೆ’ ಅಂದಳಲ್ಲ, ಆ ಮಾತು ಈಗಲೂ ಕಿವಿಯಲ್ಲಿದೆ. ಒಂದು ಮುದುಕಿ ಬಂದು ರಾಣಿಯನ್ನು ಸುರಂಗದಲ್ಲಿ ಕರೆದುಕೊಂಡು ಹೋದಳು ಎಂದು ಏನೇನೋ ಒದರಿ, ಹೊಟ್ಟೆನೋವೆಂದು ಪುಸ್ತಕ ಮುಚ್ಚಿದೆ. ಅತ್ತೆ ಪುಟ ತಿರುವಿ ನೋಡಿಯಾಳೆಂದು ಅದನ್ನು ಸ್ಕೂಲ್ ಬ್ಯಾಗಿನಲ್ಲಿಟ್ಟು, ಭಾನುವಾರ ಮಾವ ವಾಪಸು ಒಯ್ಯುವವರೆಗೆ ಎಲ್ಲಿಗೆ ಹೋದರೂ ಹೊತ್ತು ತಿರುಗಿದೆ. ಅಟ್ಟ ಹತ್ತಿದೆ. ಚಂದನಿಕೆಯ ಕಾಯನ್ನು ಮಗುಚಲು ಕೈ ಬರಲಿಲ್ಲ. ಕಿವಿಗೆ ಹಿಡಿದು ಅಲ್ಲಾಡಿಸಿದೆ. ಒಳಗೆ ಎಲ್ಲೋ ದೂರದಲ್ಲಿ ಚೂರು ನೀರು ತುಳುಕಿದ ಸದ್ದು. ಉಸಿರು ಬಂತು. ಆಮೇಲೆ ಬೆಳಿಗ್ಗೆ ಸ್ಕೂಲಿಗೆ ಹೋಗುವ ಮೊದಲು, ಸಂಜೆ ಬಂದ ಕೂಡಲೆ ಆ ಕಾಯಿ ಅಲ್ಲಾಡಿಸುವುದೇ ನನ್ನ ಪೂಜೆಯಾಯಿತು. ಸದ್ದು ದಿನದಿನಕ್ಕೆ ಸಣ್ಣದಾಯಿತು. ಮುಂದಿನ ವಾರ ಒಂದು ಬೆಳಿಗ್ಗೆ ಏನೂ ಕೇಳಲಿಲ್ಲ. ಯಾರಿಗೆ ಹೇಳಲಿ? ಹೇಳಿದರೆ ಸಾವಿನ ಮಾತನ್ನು ಮನೆಯೊಳಕ್ಕೆ ನಾನೇ ಕರೆದಂತೆ. ಹೇಳದಿದ್ದರೆ ಅತ್ತೆ ನನ್ನಿಂದಲೇ ಹೋಗುತ್ತಾಳೆ.

ನೋವು ಬಂದದ್ದು ಅದರ ಮಾರನೆಯ ದಿನ ಬೆಳಿಗ್ಗೆ. ಸೂಲಗಿತ್ತಿ ಬಂದಳು, ಕೋಣೆಯ ಬಾಗಿಲು ಮುಚ್ಚಿತು. ನಾನು ಅಟ್ಟಕ್ಕೆ ಓಡಿದೆ. ಹೆಂಚಿನ ಕಾವಿನಲ್ಲಿ ಬೆವರುತ್ತಾ ಆ ಕಾಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕೆಳಗಿನಿಂದ ಅತ್ತೆಯ ಕೂಗು ಬಿದಿರಿನ ಸಂದಿಯಲ್ಲಿ ಮೇಲಕ್ಕೆ ಬರುತ್ತಿತ್ತು. ಪ್ರತಿ ಕೂಗಿಗೂ ಕಾಯಿ ಅಲ್ಲಾಡಿಸುತ್ತಿದ್ದೆ. ಅದು ಕಲ್ಲಿನಂತೆ ಸುಮ್ಮನಿತ್ತು. ಮಧ್ಯಾಹ್ನದ ಹೊತ್ತಿಗೆ ಕೂಗೂ ನಿಂತಿತು. ಅಷ್ಟು ಭಯ ನಾನು ಆಮೇಲೆ ಯಾವತ್ತೂ ಪಟ್ಟಿಲ್ಲ, ನನ್ನ ಸ್ವಂತ ಹೆರಿಗೆಯಲ್ಲೂ ಇಲ್ಲ.

ಏಣಿ ಕಿರುಗುಟ್ಟಿತು. ಅಜ್ಜಿಯ ತಲೆ ಕಾಣಿಸಿತು. “ಇಲ್ಲಿದ್ದೀಯಾ? ಹೆಣ್ಣು ಕೂಸು ಕಣೇ. ಇಬ್ರೂ ಚೆನ್ನಾಗವ್ರೆ.”

ಬಿಕ್ಕಿ ಬಿಕ್ಕಿ ಅಳುತ್ತಾ ಎಲ್ಲವನ್ನೂ ಹೇಳಿಬಿಟ್ಟೆ. ರಾಣಿ ಸತ್ತಿದ್ದು, ನಾನು ಸುಳ್ಳು ಓದಿದ್ದು, ಕಾಯಿ ಸದ್ದು ನಿಲ್ಲಿಸಿದ್ದು. ಅಜ್ಜಿ ಕಾಯನ್ನು ಈಸಿಕೊಂಡು ಒಂದು ಸಲ ಅಲ್ಲಾಡಿಸಿದಳು. “ನೀರು ಬತ್ತೈತೆ, ಕೊಬ್ಬರಿ ಇನ್ನೂ ಚಿಪ್ಪು ಬಿಟ್ಕಂಡಿಲ್ಲ. ಎರಡು ತಿಂಗ್ಳು ಬುಡು, ಒಳಗೆ ಉರುಳಾಡ್ತಾ ತಾನೇ ಮಾತಾಡ್ತೈತೆ. ತೆಂಗಿನ ಸೀಮೇಲಿ ಹುಟ್ಟಿ ಇಷ್ಟೂ ಗೊತ್ತಾಗ್ಲಿಲ್ವಾ ನಿಂಗೆ?” ಎಂದು ಸೆರಗಿನಿಂದ ನನ್ನ ಮುಖ ಒರೆಸಿದಳು. “ರಾಣಿ ಆ ಪುಸ್ತಕದಲ್ಲಿ ಸತ್ತಿರಬೋದು. ನಮ್ಮನೇಲಿ ಸತ್ತಿಲ್ಲ. ನೀನು ಮುಂದ್ಕೆ ಓದು.”

ಓದಿದೆ. ಬಾಣಂತಿ ಕೋಣೆಯ ಬಾಗಿಲ ಹೊರಗೆ ಕೂತು ಒಂಬತ್ತು, ಹತ್ತು. ಹನ್ನೊಂದನೆಯ ಸಂಪುಟದ ನಡುವೆ, ಒಂದು ಮಧ್ಯಾಹ್ನ, ಹದ್ದುಗಳು ಮಂಜಿನ ಬೆಟ್ಟಕ್ಕೆ ಹಾರುವ ಭಾಗ ಬಂದಿತ್ತು. ನನಗೆ ಕಥೆಯ ಅಮಲು. ಅಜ್ಜಿಯ ಹ್ಞೂಂ ಬರಲಿಲ್ಲ. ತೂಕಡಿಸಿದ್ದಾಳೆ ಎಂದುಕೊಂಡು, ಮೊದಲನೇ ಸಲ ಹ್ಞೂಂಗೆ ಕಾಯದೆ ಅಧ್ಯಾಯ ಮುಗಿಸಿದೆ. ತಲೆಯೆತ್ತಿದಾಗ ಅವಳು ಕಂಬಕ್ಕೆ ಒರಗಿಯೇ ಇದ್ದಳು, ಅರ್ಧ ಹೊಸೆದ ಬತ್ತಿ ಬೆರಳ ಸಂದಿಯಲ್ಲಿತ್ತು.

ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹಣೆಗೆ ವಿಭೂತಿ ಬಳಿದು, ಹೂವು ಹಾಕಿ ಅಜ್ಜಿಯನ್ನು ನಡುಮನೆಯಲ್ಲಿ ಕೂರಿಸಿದಾಗ ಅವಳು ಕಥೆ ಕೇಳಲು ಕೂತ ಹಾಗೆಯೇ ಇದ್ದಳು. ನಾನು ದೂರದಲ್ಲಿ ನಿಂತು ನೋಡುತ್ತಿದ್ದೆ. ಎಲ್ಲರನ್ನೂ ನಾನು ಉಳಿಸಿಕೊಂಡೆ, ಸೇನಾಪತಿಗಳನ್ನು, ಹದ್ದನ್ನು, ರಾಣಿಯನ್ನು. ಸಾವಿಗೆ ನನ್ನ ಸಾಲಿನಲ್ಲಿ ಯಾರೂ ಸಿಗದೆ, ಕಾಯಿ ಇಲ್ಲದವಳನ್ನು ಹುಡುಕಿಕೊಂಡು ಬಂತು ಎಂದು ನಂಬಿದೆ. ಅದು ಹುಚ್ಚು ನಂಬಿಕೆ ಎಂದು ದೊಡ್ಡವಳಾದ ಮೇಲೆ ಬುದ್ಧಿಗೆ ತಿಳಿಯಿತು, ಹೊಟ್ಟೆಗೆ ತಿಳಿದಿಲ್ಲ. ಮಣ್ಣು ಮಾಡಲು ಹೋದವರು ವಾಪಸು ಬರುವ ಮೊದಲು ಅಟ್ಟ ಹತ್ತಿ, ಸಾಲಿನ ಕೊನೆಗೆ ಒಂದು ಕಾಯಿ ಇಟ್ಟು, ಸುಣ್ಣದಲ್ಲಿ ‘ಅಜ್ಜಿ’ ಎಂದು ಬರೆದೆ. ಅದನ್ನು ಮಗುಚಲಿಲ್ಲ.

ದೊಡ್ಡ ಕಥೆಯ ಕೊನೆಯ ಎರಡು ಸಂಪುಟ ಯಾರೂ ತರಲಿಲ್ಲ, ನಾನೂ ಕೇಳಲಿಲ್ಲ. ಅತ್ತೆಯ ಮಡಿಲು ತುಂಬಿ ಗಂಡನ ಮನೆಗೆ ಕಳಿಸುವ ದಿನ ಚಂದನಿಕೆಯ ಕಾಯಿ ಲೊಟಲೊಟ ಎಂದಿತು. ಅದನ್ನೇ ಒಡೆದು, ಆ ಕೊಬ್ಬರಿಯ ಬಟ್ಟಲುಗಳನ್ನು ಅಕ್ಕಿಯ ಜೊತೆ ಅವಳ ಮಡಿಲಿಗೆ ಹಾಕಿದರು. ಉಳಿದ ಕಾಯಿಗಳನ್ನು ಸುಗ್ಗಿಯಲ್ಲಿ ಆಳುಗಳು ಕೆಳಗುರುಳಿಸಿದಾಗ ನಾನು ಸ್ಕೂಲಿನಲ್ಲಿದ್ದೆ. ಬಂದು ನೋಡಿದರೆ ಅಂಗಳದ ತುಂಬ ಸಿಪ್ಪೆ, ಸುಣ್ಣದ ಗುರುತು ಎಲ್ಲೂ ಇಲ್ಲ. ಅಜ್ಜಿಯ ಕಾಯಿ ಮಾತಾಡಿತೋ ಇಲ್ಲವೋ ಯಾರೂ ಹೇಳಲಿಲ್ಲ. ಈಗ ಆ ಅಟ್ಟವಿಲ್ಲ, ಮನೆ ಪಾಲಾಗಿ ಅಲ್ಲಿ ತಾರಸಿ ಎದ್ದಿದೆ.

ಮೊನ್ನೆ ಬಂದ ನಾಲ್ಕು ಕಾಯಿಗಳಲ್ಲಿ ಮೂರನ್ನು ಒಡೆದೆ. ಸದ್ದು ಮಾಡದ ನಾಲ್ಕನೆಯದನ್ನು ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಟ್ಟಿದ್ದೇನೆ. ಇನ್ನೂ ಎರಡು ತಿಂಗಳು ಬಿಡುತ್ತೇನೆ.